ಕ್ಲಬ್ ಲೌಂಜ್‌ಗೆ ಜಾಸ್ತಿ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ದೊಡ್ಡ ಹೋಟೆಲ್‌ಗಳಲ್ಲಿ ರೂಮ್ ಬುಕ್ ಮಾಡುವಾಗ ಇನ್ನೊಂದಿಷ್ಟು ಸೇರಿಸಿದರೆ ಕ್ಲಬ್ ರೂಮ್, ಜೊತೆಗೆ ಲೌಂಜ್ (ತಿಂಡಿ, ಟೀ, ಕಾಫಿ, ಸಂಜೆ ಡ್ರಿಂಕ್ಸ್ ಕೊಡುವ ಪ್ರತ್ಯೇಕ ಕೋಣೆ) ಪ್ರವೇಶ ಅಂತ ತೋರಿಸುತ್ತಾರಲ್ಲ, ದಯವಿಟ್ಟು ವಿಚಾರಿಸದೆ ಅದನ್ನು ಒತ್ತಬೇಡಿ. ನಮಗೆ ಆದದ್ದು ಹೇಳುತ್ತೇನೆ. ಹೋಟೆಲ್ ಹೆಸರು ಬೇಡ.

ದುಡ್ಡೆಲ್ಲ ಮೊದಲೇ ಕಟ್ಟಿಸಿಕೊಂಡಿದ್ದರು. ಚೆಕ್-ಇನ್ ಮುಗಿದು ಕೀ ಕೈಗೆ ಬಂದ ಮೇಲೆ ಕೌಂಟರಿನವರು ಹೇಳಿದ್ದು: ಲೌಂಜ್ ನವೀಕರಣ ನಡೀತಿದೆ, ರೆಸ್ಟೋರೆಂಟಿನಲ್ಲೇ ವ್ಯವಸ್ಥೆ ಮಾಡಿದ್ದೇವೆ. ಏನು ವ್ಯವಸ್ಥೆ? ಬಾರ್ ಪಕ್ಕ ಹಗ್ಗ ಕಟ್ಟಿ ಬೇರೆ ಮಾಡಿದ ಒಂದು ಮೂಲೆ, ಅದರಲ್ಲಿ ನಾಲ್ಕೈದು ಮೇಜು, ಅಷ್ಟೇ. ಬೆಳಗಿನ ತಿಂಡಿ ಎಲ್ಲರಿಗೂ ಇಟ್ಟ ಅದೇ ಬಫೆ. ಸಂಜೆಯ ಡ್ರಿಂಕ್ಸ್, ತಿನಿಸು ಬರೀ ಎರಡು ಗಂಟೆ. ಊರು ಸುತ್ತಿ ನಾವು ವಾಪಸ್ ಬರುವಷ್ಟರಲ್ಲಿ ಹುಡುಗನೊಬ್ಬ ಅಂಚು ಒಣಗಿದ ಚೀಸ್ ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಸುತ್ತುತ್ತಿದ್ದ. ಮರುದಿನ ಬೇಗ ಬಂದರೆ ಸಂಜೆ ಹೊತ್ತು ಮಕ್ಕಳನ್ನು ಬಿಡುವುದಿಲ್ಲ ಅಂದರು, ಹಾಗಾಗಿ ಒಬ್ಬರು ಮಗುವಿನ ಜೊತೆ ರೂಮಲ್ಲಿ, ಇನ್ನೊಬ್ಬರು ಕೆಳಗೆ ಒಂಟಿಯಾಗಿ ಗ್ಲಾಸ್ ಹಿಡಿದುಕೊಂಡು! ಬುಕಿಂಗ್ ಪುಟದಲ್ಲಿ ಇದ್ಯಾವುದೂ ಇರಲಿಲ್ಲ. ವ್ಯತ್ಯಾಸದ ಹಣ ಕೇಳಿದರೆ 'ಸೌಲಭ್ಯ ಬದಲಾಗಬಹುದು ಅಂತ ಷರತ್ತಿನಲ್ಲಿದೆ' ಎಂಬ ಒಂದೇ ಉತ್ತರ. ಇದು ಮೋಸ ಅಲ್ಲದೆ ಇನ್ನೇನು?

ಎಲ್ಲ ಲೌಂಜೂ ಹೀಗೇ ಅಂತ ನಾನು ಹೇಳುವುದಿಲ್ಲ. ಒಳಗೆ ಯಾರನ್ನೆಲ್ಲ ಬಿಡುತ್ತಾರೆ ಅನ್ನುವುದರ ಮೇಲೆ ತುಂಬಾ ನಿಂತಿದೆ. ಮ್ಯಾರಿಯಟ್‌ನಲ್ಲಿ ವರ್ಷಕ್ಕೆ 50 ರಾತ್ರಿ ತಂಗಿ ಪ್ಲಾಟಿನಂ ಅನ್ನುವ ಸದಸ್ಯ ದರ್ಜೆ ಪಡೆದವರಿಗೆ, ಹಯಾತ್‌ನಲ್ಲಿ 60 ರಾತ್ರಿ ತಂಗಿ ಗ್ಲೋಬಲಿಸ್ಟ್ ಅನ್ನುವ ದರ್ಜೆ ಪಡೆದವರಿಗೆ ಅನೇಕ ಹೋಟೆಲ್‌ಗಳ ಲೌಂಜ್ ಉಚಿತ. ಹಾಗಾಗಿ ಕೆಲಸದ ಮೇಲೆ ಬರುವವರೇ ಜಾಸ್ತಿ ಇರುವ ಹೋಟೆಲ್‌ಗಳಲ್ಲಿ ಸಂಜೆ ಕುರ್ಚಿ ಸಿಗುವುದೇ ಕಷ್ಟ. ರಿಟ್ಜ್-ಕಾರ್ಲ್ಟನ್ ಕೂಡ ಮ್ಯಾರಿಯಟ್ ಗುಂಪಿನದೇ, ಆದರೆ ಅದರ ಕ್ಲಬ್ ಲೌಂಜ್‌ಗೆ ಪ್ಲಾಟಿನಂ ಅಂತ ಉಚಿತವಾಗಿ ಬಿಡುವುದಿಲ್ಲ. ದುಡ್ಡು ಕೊಟ್ಟು ಹೋಗುವುದಾದರೆ ಇಂಥ ಕಡೆ ಹೋಗುವುದಕ್ಕೆ ಅರ್ಥ ಇದೆ, ದಿನವಿಡೀ ಏನಾದರೂ ಬಡಿಸುತ್ತಾರೆ, ನೂಕುನುಗ್ಗಲೂ ಕಡಿಮೆ ಇರುತ್ತದೆ.

ಲೆಕ್ಕ ಹಾಕುವಾಗ ಒಂದು ವಿಷಯ ನೋಡಿ. ನಿಮ್ಮ ಸಾಮಾನ್ಯ ರೂಮ್ ದರದಲ್ಲೇ ತಿಂಡಿ ಸೇರಿದ್ದರೆ ಲೌಂಜ್‌ನಿಂದ ನಿಮಗೆ ಹೊಸದಾಗಿ ಸಿಗುವುದು ಸಂಜೆಯ ಆ ಎರಡು ಗಂಟೆ, ಮಧ್ಯಾಹ್ನದ ಟೀ, ಕಾಫಿ, ಅಷ್ಟೇ. ಕುಡಿಯುವ ಅಭ್ಯಾಸ ಇಲ್ಲದವರು, ಇಡೀ ದಿನ ಹೊರಗೆ ಸುತ್ತುವವರು ಸುಮ್ನೆ ಯಾಕೆ ಕಟ್ಟಬೇಕು? ಹೋಟೆಲ್‌ನಲ್ಲೇ ಕೂತು ಕಾಲ ಕಳೆಯುವವರಿಗೆ, ಬೆಳಗ್ಗೆ ಬೇಗ ಇಳಿದು ರೂಮ್‌ಗೆ ಕಾಯಬೇಕಾದವರಿಗೆ ಉಪಯೋಗ ಆಗಬಹುದು, ಆದರೆ ಚೆಕ್-ಇನ್ ಮುಂಚೆ, ಚೆಕ್-ಔಟ್ ನಂತರ ಒಳಗೆ ಬಿಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.

ಹಾಗೇ ಲೌಂಜ್ ಆ ದಿನಗಳಲ್ಲಿ ನಿಜವಾಗಿ ತೆರೆದಿರುತ್ತದಾ, ಸಂಜೆ ಎಷ್ಟರಿಂದ ಎಷ್ಟರವರೆಗೆ, ಮಕ್ಕಳಿಗೆ ಎಷ್ಟು ವಯಸ್ಸು ಆಗಿರಬೇಕು, ಪ್ರವೇಶ ರೂಮಿಗೆ ಎಷ್ಟು ಜನಕ್ಕೆ ಅನ್ನುವುದನ್ನೆಲ್ಲ ಹೋಟೆಲ್‌ಗೇ ಇಮೇಲ್ ಮಾಡಿ ಕೇಳಿ. ಫೋನಲ್ಲಿ ಹೇಳಿದ ಮಾತಿಗೆ ಅಲ್ಲಿ ಬೆಲೆ ಇಲ್ಲ. ಹೋದಾಗ ಲೌಂಜ್ ಮುಚ್ಚಿದೆ ಅಂದರೆ ಕೀ ತೆಗೆದುಕೊಳ್ಳುವ ಮುಂಚೆ, ಕೌಂಟರಿನ ಮುಂದೆ ನಿಂತೇ, ಆ ಇಮೇಲ್ ತೋರಿಸಿ ಸಾಮಾನ್ಯ ರೂಮ್ ದರಕ್ಕೆ ಇಳಿಸಿ ಅಂತ ಕೇಳಿ. ಮನೆಗೆ ಬಂದ ಮೇಲೆ ಬರೆದ ನಮ್ಮ ಪತ್ರಕ್ಕೆ ಇವತ್ತಿಗೂ ಉತ್ತರ ಬಂದಿಲ್ಲ.