ಡಿ ಡ್ರೈವ್ ಮಾಯವಾದಾಗ: ಟೆಸ್ಟ್‌ಡಿಸ್ಕಾ, ಚೆಕ್‌ಡಿಸ್ಕಾ?

ವಿಂಡೋಸ್ ಎಕ್ಸ್‌ಪಿ ಕಾಲದ ಕಂಪ್ಯೂಟರಿನಲ್ಲಿ ಡಿ ಡ್ರೈವ್ ಇದ್ದಕ್ಕಿದ್ದಂತೆ ಕಾಣದಾದರೆ ಗಾಬರಿ ಬೇಡ. ಫೈಲ್‌ಗಳು ಅಲ್ಲೇ ಇರಬಹುದು. ಹಳೇ ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ ಪಾರ್ಟಿಷನ್ ಪಟ್ಟಿಗೆ (ಡಿಸ್ಕನ್ನು ಸಿ, ಡಿ ಅಂತ ಯಾವ ಭಾಗಗಳಾಗಿ ಹಂಚಿದೆ ಎಂಬ ವಿವರಕ್ಕೆ) ಸಿಗುವ ಜಾಗ ಬರೀ 64 ಬೈಟ್. ಅಷ್ಟು ಕೆಟ್ಟರೆ ಸಾಕು, ಡ್ರೈವ್ ನಾಪತ್ತೆ.

ಪಟ್ಟಿಯೇ ಕೆಟ್ಟಿದ್ದರೆ ನನ್ನ ಆಯ್ಕೆ ಟೆಸ್ಟ್‌ಡಿಸ್ಕ್, ಕಳೆದ ಪಾರ್ಟಿಷನ್ ಮರಳಿಸುವ ತಂತ್ರಾಂಶ. ಉಚಿತ. ನೋಡೋಕೆ ಮಾತ್ರ ಕಪ್ಪು ಪರದೆ, ಮೌಸ್ ನಡೆಯಲ್ಲ, ಬಾಣದ ಕೀಲಿಗಳೇ ಗತಿ. 'ಅನಲೈಸ್' ಕೊಟ್ಟರೆ ಕಳೆದ ಪಾರ್ಟಿಷನ್ ಹುಡುಕುತ್ತದೆ. ಸಿಕ್ಕ ಸಾಲಿನ ಮೇಲೆ 'ಪಿ' ಒತ್ತಿ, ಒಳಗಿನ ಫೈಲ್‌ಗಳ ಹೆಸರು ಕಾಣುತ್ತದೆ. ನಿಮ್ಮ ಫೋಟೊ ಫೋಲ್ಡರಿನ ಹೆಸರು ಕಂಡರೆ ಮಾತ್ರ 'ರೈಟ್' (Write) ಕೊಟ್ಟು ಪಟ್ಟಿಗೆ ಬರೆಸಿ. ಅಲ್ಲಿಯವರೆಗೆ ಪಟ್ಟಿಯನ್ನು ಅದು ಮುಟ್ಟುವುದಿಲ್ಲ.

ಡಿಸ್ಕಿನ ದೋಷ ಹುಡುಕುವ ಚೆಕ್‌ಡಿಸ್ಕ್ (chkdsk) ವಿಂಡೋಸ್ ಜೊತೆಗೇ ಬರುತ್ತದೆ, ಸುಲಭವೂ ಹೌದು. ಆದರೆ ಅದು ನೋಡುವುದು ಪಾರ್ಟಿಷನ್ ಒಳಗಿನ ಫೈಲ್ ವ್ಯವಸ್ಥೆಯನ್ನು, ಅಂದರೆ ಫೈಲ್‌ಗಳನ್ನು ಜೋಡಿಸಿಟ್ಟ ಕ್ರಮವನ್ನು. ಡ್ರೈವ್ 'ರಾ' (RAW, ಅಂದರೆ ಫೈಲ್ ವ್ಯವಸ್ಥೆ ಗುರುತು ಸಿಗಲಿಲ್ಲ) ಅಂತ ತೋರಿಸಿದರೆ ಕೈಚೆಲ್ಲುತ್ತದೆ. ಆದೇಶಕ್ಕೆ ದೋಷ ತಿದ್ದುವ '/ಎಫ್' ಸೇರಿಸಿದರೆ ತನಗೆ ತೋಚಿದಂತೆ ತಿದ್ದಿಬಿಡುತ್ತದೆ, ನನಗೆ ಭಯ ಅದೇ.

ಜಿಪಾರ್ಟೆಡ್ ಎಂಬ ಇನ್ನೊಂದು ತಂತ್ರಾಂಶ ಪಾರ್ಟಿಷನ್ ಜಾಗ ಹಿಗ್ಗಿಸಲು, ಕುಗ್ಗಿಸಲು ಚೆನ್ನ. ಕೆಟ್ಟ ಡಿಸ್ಕಿಗೆ ಬೇಡ.

ಡಿಸ್ಕ್ ಟಕ್ ಟಕ್ ಅನ್ನುತ್ತಿದೆಯಾ? ಯಾವುದೂ ಬೇಡ, ತಕ್ಷಣ ಆಫ್ ಮಾಡಿ. ಸದ್ದಿಲ್ಲದಿದ್ದರೂ ಮೊದಲು ಡಿಡಿರೆಸ್ಕ್ಯೂ ಎಂಬ ನಕಲು ತಂತ್ರಾಂಶ ಬಳಸಿ ಬೇರೆ ಡಿಸ್ಕಿಗೆ ಪೂರ್ತಿ ನಕಲು ತೆಗೆಯಿರಿ. ಪ್ರಯೋಗವೆಲ್ಲ ಆ ನಕಲಿನ ಮೇಲೆ.