ಮಂಗಳೂರಲ್ಲಿ ಮನೆ: ರಥಬೀದಿಯೋ, ಹಂಪನಕಟ್ಟೆಯೋ?

ದಾವಣಗೆರೆಯಿಂದ ಮಂಗಳೂರಿಗೆ ಕೆಲಸಕ್ಕೆ ಹೊರಟಿದ್ದೀರಿ, ಅಲ್ಲಿನ ಹಳೇ ಪೇಟೆಯಲ್ಲೇ ಇರಬೇಕು, ರಥಬೀದಿಯೋ ಹಂಪನಕಟ್ಟೆಯೋ ಅಂತ ಕೇಳಿದ್ದೀರಿ. ಹಳೇ ಪೇಟೆ ಅನ್ನೋದು ಒಳ್ಳೇ ಯೋಚನೆ.

ಓಡಾಟಕ್ಕೆ ಹಂಪನಕಟ್ಟೆ ಸಲೀಸು. ಸೆಂಟ್ರಲ್ ರೈಲು ನಿಲ್ದಾಣಕ್ಕೂ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೂ ನಡೆದೇ ಹೋಗಬಹುದು, ಆದರೆ ಗದ್ದಲ ಜಾಸ್ತಿ.

ಸುತ್ತಾಡೋಕೆ ರಥಬೀದಿ ನನಗಿಷ್ಟ. ವೆಂಕಟರಮಣ ದೇವಸ್ಥಾನ, ಮಲ್ಲಿಗೆ ಅಂಗಡಿಗಳು, ಸಂಜೆ ಸುಮ್ನೆ ನಡೆದರೆ ಕುದ್ರೋಳಿ ಗೋಕರ್ಣನಾಥ ದೇವಸ್ಥಾನ, ಇನ್ನೊಂದು ದಿಕ್ಕಿಗೆ ಬಂದರು. ಬೆಳಗ್ಗೆ ಬೇಗ ಎದ್ದು, ಮೀನಿನ ದೋಣಿಗಳು ಬಂದು ನಿಲ್ಲೋ ಧಕ್ಕೆಯಲ್ಲಿ ಮೀನಿನ ಹರಾಜು ನೋಡಲೇಬೇಕು. ರಥೋತ್ಸವದ ದಿನ ಮಾತ್ರ ಕಾರು ಹೊರಗೆ ತೆಗೆಯೋ ಆಸೆ ಬಿಡಿ.

ನಮ್ಮ ದಾವಣಗೆರೆಯ ಒಣ ಹವೆಗೆ ಒಗ್ಗಿದವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯೇ ದೊಡ್ಡ ಪರೀಕ್ಷೆ, ಅಲ್ವಾ? ಹಂಚಿನ ಹಳೇ ಮನೆಯಾದರೆ ಸೆಕೆ ಕಡಿಮೆ, ಆದರೆ ಸೋರುತ್ತಾ ಅಂತ ಮಳೆಯಲ್ಲೇ ನೋಡಿ. ಫ್ಲ್ಯಾಟಿಗೆ ಆ ಚಿಂತೆಯಿಲ್ಲ, ಬೇಸಿಗೆಯಲ್ಲಿ ಬೇಯುತ್ತೆ.

ದಿನಾ ಬಸ್ಸು ಹಿಡಿಯೋದಾದರೆ ಹಂಪನಕಟ್ಟೆ, ಅಪ್ಪ-ಅಮ್ಮನನ್ನೂ ಕರ್ಕೊಂಡು ಹೋಗೋದಾದರೆ ರಥಬೀದಿ.