ಸ್ಯಾನ್ ಡಿಯಾಗೋದ ಮಿಡ್‌ವೇ ಹಡಗು: ದುಡ್ಡು ವಸೂಲು, ಆದರೆ ಮಂಡಿ ಗಟ್ಟಿ ಇರಬೇಕು

ಮಕ್ಕಳ ಮನೆಗೆ ಸ್ಯಾನ್ ಡಿಯಾಗೋಗೆ ಬಂದವರಿಗೆ ಎಲ್ಲರೂ ಮೊದಲು ಝೂ ತೋರಿಸುತ್ತಾರೆ. ನನ್ನನ್ನು ಕೇಳಿದರೆ ಮೊದಲು ಯುಎಸ್‌ಎಸ್ ಮಿಡ್‌ವೇಗೆ ಹೋಗಿ. ಅಮೆರಿಕ ನೌಕಾಪಡೆಯ ಹಳೇ ವಿಮಾನವಾಹಕ ಹಡಗು ಇದು. 1945ರಿಂದ 1992ರವರೆಗೆ ದುಡಿದು, 2004ರಲ್ಲಿ ಮ್ಯೂಸಿಯಂ ಆಯಿತು. ನಮ್ಮ ಹಳೇ ವಿಕ್ರಾಂತ್ ಕೂಡ ಮುಂಬೈಯಲ್ಲಿ ಕೆಲವು ವರ್ಷ ಮ್ಯೂಸಿಯಂ ಆಗಿತ್ತು. ಆಮೇಲೆ ಗುಜರಿಗೆ ಹೋಯಿತು. ಇಲ್ಲಿ ನಿಂತಾಗ ಅದು ನೆನಪಾಗಿ ಹೊಟ್ಟೆ ಉರಿಯಿತು.

ನಾನು ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಮೊಮ್ಮಗ ವಿಮಾನ ನೋಡಲು ಮೇಲೆ ಓಡಿದ, ನಾನು ಇಂಜಿನ್ ರೂಮಿಗೆ ಇಳಿದೆ. 12 ಬಾಯ್ಲರ್‌ಗಳ ಹಬೆಯಲ್ಲಿ ಓಡುತ್ತಿದ್ದ ಹಡಗು. ಸುತ್ತ ಪೈಪು, ವಾಲ್ವು, ಮೀಟರು. ಆ ಸೆಖೆಯಲ್ಲಿ ಪಾಳಿ ಮುಗಿಸಿ ಹೋಗಿ ಮಲಗುವ ಜಾಗವನ್ನೂ ನೋಡಿದೆ. ಸ್ಲೀಪರ್ ಬಸ್ಸಿನ ಬರ್ತೇ ವಾಸಿ.

ಟಿಕೆಟ್ ಜೊತೆಗೆ ಆಡಿಯೋ ಗೈಡ್ ಕೊಡುತ್ತಾರೆ. ನಾನು ಅರ್ಧಕ್ಕೇ ತೆಗೆದಿಟ್ಟೆ. ಯಾಕೆಂದರೆ ಅಲ್ಲಲ್ಲಿ ವಯಸ್ಸಾದ ಸ್ವಯಂಸೇವಕರು ನಿಂತಿರುತ್ತಾರೆ. ಅವರಲ್ಲಿ ಬಹಳ ಜನ ಸೈನ್ಯದಲ್ಲಿ ಇದ್ದವರೇ. ಡೆಕ್ ಮೇಲೆ ಒಬ್ಬರು ಅಂಗೈಯನ್ನೇ ವಿಮಾನ ಮಾಡಿಕೊಂಡು ಇಳಿಯುವ ಬಗೆ ತೋರಿಸಿದರು. ಚಕ್ರ ತಾಗಿದ ಕೂಡಲೇ ಪೈಲಟ್ ಇಂಜಿನ್ ವೇಗ ಪೂರ್ತಿ ಏರಿಸಬೇಕಂತೆ! ಡೆಕ್ಕಿಗೆ ಅಡ್ಡಲಾಗಿ ಎಳೆದ ಕೇಬಲ್ ಬಾಲದ ಕೊಕ್ಕೆಗೆ ಸಿಕ್ಕಿದರೇ ವಿಮಾನ ನಿಲ್ಲುವುದು. ಸಿಗದಿದ್ದರೆ ಮತ್ತೆ ಹಾರಬೇಕಲ್ವಾ.

"ಭಯ ಆಗ್ತಿರಲಿಲ್ವಾ ಸರ್?" ಅಂತ ಮೊಮ್ಮಗನ ಕೈಲಿ ಕೇಳಿಸಿದೆ. ಅವರು ಪೈಲಟ್‌ಗಳನ್ನು ಬಿಟ್ಟು ಡೆಕ್ ಹುಡುಗರ ಕಥೆಗೆ ಹೋದರು. ಜೆಟ್ಟಿನ ಬಿಸಿಗಾಳಿ, ತಿರುಗುವ ಪ್ರೊಪೆಲರ್, ತುಂಡಾಗಿ ಬೀಸುವ ಕೇಬಲ್. ಯುದ್ಧವಿಲ್ಲದ ದಿನವೂ ಸಾವು ಪಕ್ಕದಲ್ಲೇ. 1990ರಲ್ಲಿ ಜಪಾನ್ ಸಮೀಪ ಇದೇ ಹಡಗಿನೊಳಗೆ ಸ್ಫೋಟವಾದಾಗ ಸತ್ತವರು ಬೆಂಕಿ ನಂದಿಸಲು ಹೋದವರೇ. ಅದನ್ನು ಓದಿದ ಮೇಲೆ ಕೆಳಗಿನ ಇಕ್ಕಟ್ಟಾದ ಓಣಿಗಳಲ್ಲಿ ನಾನು ಫೋಟೋ ತೆಗೆಯಲಿಲ್ಲ.

ಇನ್ನೊಂದು ಕಥೆ ತಪ್ಪಿಸಿಕೊಳ್ಳಬೇಡಿ. 1975ರ ಏಪ್ರಿಲ್, ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ ಉತ್ತರದ ಸೈನ್ಯದ ಕೈಗೆ ಬೀಳುವ ಹೊತ್ತು. ಅಲ್ಲಿನ ಸೈನ್ಯದ ಮೇಜರ್ ಬುವಾಂಗ್ ಲಿ ಹೆಂಡತಿ ಮತ್ತು 5 ಮಕ್ಕಳನ್ನು ಎರಡೇ ಸೀಟಿನ ಪುಟ್ಟ ವಿಮಾನದಲ್ಲಿ ತುಂಬಿಕೊಂಡು ಈ ಹಡಗಿನ ಮೇಲೆ ಹಾರಿ ಬಂದು, ಇಳಿಯಲು ಜಾಗ ಕೊಡಿ ಅಂತ ಚೀಟಿ ಎಸೆದರು. ಹಡಗಿನ ಕ್ಯಾಪ್ಟನ್ ಲಾರೆನ್ಸ್ ಚೇಂಬರ್ಸ್ ದುಬಾರಿ ಹೆಲಿಕಾಪ್ಟರ್‌ಗಳನ್ನು ಸಮುದ್ರಕ್ಕೆ ತಳ್ಳಿಸಿ ಡೆಕ್ ಖಾಲಿ ಮಾಡಿಸಿದರು. ಕೊಕ್ಕೆಯಿಲ್ಲದ ವಿಮಾನಕ್ಕೆ ಅಡ್ಡಿಯಾಗದಿರಲಿ ಅಂತ ಕೇಬಲ್‌ಗಳನ್ನೂ ತೆಗೆಸಿದರು. ಕೋರ್ಟ್ ಮಾರ್ಷಲ್ ಆಗಬಹುದು ಅಂತ ಗೊತ್ತಿದ್ದೂ! ಏಳೂ ಜನ ಬದುಕಿದರು. ಇಲಾಖೆಯ ಒಂದು ಸ್ಪ್ಯಾನರ್ ಕಳೆದರೂ ಮೆಮೋ ಪಡೆಯುತ್ತಿದ್ದ ನಮ್ಮಂಥವರಿಗೆ ಈ ಧೈರ್ಯದ ಬೆಲೆ ಬೇಗ ಅರ್ಥವಾಗುತ್ತದೆ.

ಏಣಿಯಂಥ ಕಡಿದಾದ ಮೆಟ್ಟಿಲು, ಎತ್ತರದ ಹೊಸ್ತಿಲು, ಸಣ್ಣ ಬಾಗಿಲು. ಸೀರೆ ಉಟ್ಟು ಹೋದರೆ ಕೆಳಗಿನ ಭಾಗ ಕಷ್ಟ. ನನ್ನವಳು ವಿಮಾನಗಳ ಮಹಡಿಯಲ್ಲೇ ಆರಾಮಾಗಿ ಸುತ್ತಿದಳು. ಸಿಮ್ಯುಲೇಟರ್‌ಗೆ ಬೇರೆ ದುಡ್ಡು, ಮಕ್ಕಳು ಬಿಡುವುದಿಲ್ಲ. ಬೆಳಿಗ್ಗೆ 10ಕ್ಕೆ ತೆರೆಯುತ್ತದೆ, ಆಗಲೇ ಹೋಗಿ. ಜನ ಜಾಸ್ತಿಯಾದರೆ ಆ ಹಿರಿಯರ ಹತ್ತಿರ ನಿಂತು ಮಾತಾಡಲು ಆಗುವುದಿಲ್ಲ.